ಹಳೆಯ ವಸ್ತುಗಳು, ಹಳೆಯ ಹೆಸರುಗಳು

ಶತಮಾನೋತ್ಸವದ ಸಿದ್ಧತೆಗಳು ಆರಂಭವಾದಂದಿನಿಂದ ನಮ್ಮ ಕಚೇರಿಯ ಬಾಗಿಲಿಗೆ ಬರುವವರಲ್ಲಿ ಹೊಸದೊಂದು ಬಗೆಯವರು ಸೇರಿಕೊಂಡಿದ್ದಾರೆ. ಇವರು ಪೂಜೆ ಬರೆಸಲು ಬಂದವರಲ್ಲ, ಪ್ರಮಾಣಪತ್ರ ಬೇಡಲು ಬಂದವರೂ ಅಲ್ಲ. "ಸ್ವಾಮಿ, ನಮ್ಮ ಮುತ್ತಜ್ಜನ ಹೆಸರು ಪುಸ್ತಕದಲ್ಲಿದೆಯೇ?" ಎಂದು ಕೇಳುತ್ತಾರೆ. ಒಬ್ಬರ ಕೈಯಲ್ಲಿ ಮಾಸಿದ ಭಾವಚಿತ್ರ, ಇನ್ನೊಬ್ಬರ ಕೈಯಲ್ಲಿ ಅಜ್ಜಿಯ ಜಪಮಾಲೆ. ತರುಣನೊಬ್ಬನು ತಾತನ ಎಚ್.ಎಂ.ಟಿ. ಕೈಗಡಿಯಾರವನ್ನು ಮೇಜಿನ ಮೇಲಿಟ್ಟು, ಇದನ್ನು ಕೊಳ್ಳಲು ಜನ ಹಿಂದೆ ಬಿದ್ದಿದ್ದಾರೆಂದೂ ತಾನು ಮಾತ್ರ ಮಾರುವುದಿಲ್ಲವೆಂದೂ ಹೇಳಿದನು. ಅವನಿಗೆ ಬೇಕಾಗಿದ್ದುದು ತಾತನು ಹುಟ್ಟಿದ ವರ್ಷ. ಗಡಿಯಾರದ ವಿಷಯವೆಲ್ಲ ಅವನಿಗೆ ತಿಳಿದಿತ್ತು, ತಾತನ ವಿಷಯ ತಿಳಿದಿರಲಿಲ್ಲ.

ಹಳೆಯದರ ಮೇಲಿನ ಮಮತೆ ಈಗ ಒಂದು ಹವ್ಯಾಸವೇ ಆಗಿದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಆರಂಭವಾದ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆಯನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ದಿನವೂ ಕೀಲಿ ಕೊಡಬೇಕಾಗಿದ್ದ 'ಜನತಾ' ಗಡಿಯಾರ ಅಂದಿನಿಂದ ಸಂಗ್ರಹಕಾರರ ಕಣ್ಣಿಗೆ ರತ್ನವಾಯಿತು. ಸೇರು, ಪಾವುಗಳ ಕಥೆಯೂ ಹಾಗೆಯೇ. 1956ರ ಕಾಯಿದೆಯಂತೆ ಕಿಲೋ, ಲೀಟರುಗಳು ಬಳಕೆಗೆ ಬಂದ ಮೇಲೆ ಅವು ಅಡುಗೆಮನೆಯಿಂದ ಅಟ್ಟಕ್ಕೇರಿದವು. ಈಗ ಅಟ್ಟದಿಂದಿಳಿದು, ಹುಣಿಸೆಹಣ್ಣಿನಲ್ಲಿ ಉಜ್ಜಿಸಿಕೊಂಡು, ಹಜಾರದಲ್ಲಿ ಕುಳಿತಿವೆ. ರಾಗಿ ಅಳೆದ ಸೇರಿನಲ್ಲಿ ಪ್ಲಾಸ್ಟಿಕ್ ಹೂವನ್ನು ಕಂಡಾಗ ನಮಗೆ ನಗು ಬರುತ್ತದೆ. ಗುಜರಿಗೆ ಹೋಗದೆ ಉಳಿಯಿತಲ್ಲ ಎಂದು ಸಮಾಧಾನವೂ ಆಗುತ್ತದೆ.

ಚಿಕ್ಕಪೇಟೆಯ ಆಸುಪಾಸಿನಲ್ಲಿ ಸೇರುವ ಭಾನುವಾರದ ಸಂತೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಭಾನುವಾರದ ಮುಂಜಾನೆ ಗುರುಗಳಾದ ನಮಗೆ ಸಂತೆಗೆ ಹೋಗುವ ಯೋಗವೆಲ್ಲಿಯದು? ಕೆಲವು ವರ್ಷಗಳ ಹಿಂದೆ ಕಾಯಿಲೆಯಿಂದೆದ್ದು ವಿಶ್ರಾಂತಿಯಲ್ಲಿದ್ದ ಒಂದು ಭಾನುವಾರ ಮಾತ್ರ, ಹಿಂದಿನ ಸಂಜೆಯೇ ಪೂಜೆಯನ್ನು ಮುಗಿಸಿಕೊಂಡು, ನಾವು ಅಲ್ಲಿಗೆ ಹೋಗಿದ್ದೆವು. ತಾಮ್ರದ ಹಂಡೆ, ರೇಡಿಯೋಗಳ ನಡುವೆ ತೇಗದ ಚೌಕಟ್ಟೊಂದಿತ್ತು. ಅದರೊಳಗೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಹದಿನಾಲ್ಕು ಮಕ್ಕಳು ಬಿಳಿಯುಡುಪಿನಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದರು. ಕ್ರಯ ಕೇಳಿದೆವು. ಮಾರುವವನು ಚೌಕಟ್ಟಿನ ಬೆಲೆ ಹೇಳಿ, "ಫೋಟೋ ಬೇಡವಾದರೆ ತೆಗೆದುಬಿಡುತ್ತೇನೆ ಸಾರ್" ಎಂದನು. ಹಿಂಭಾಗದಲ್ಲಿ ಸ್ಟುಡಿಯೋದ ಅರ್ಧ ಅಳಿಸಿದ ಮುದ್ರೆಯಿತ್ತೇ ಹೊರತು ಒಂದೇ ಒಂದು ಹೆಸರೂ ಇರಲಿಲ್ಲ.

ಅವನನ್ನು ಆಕ್ಷೇಪಿಸುವ ಅಧಿಕಾರ ನಮಗಿರಲಿಲ್ಲ. ನಾವು ಹೊಸದಾಗಿ ಗುರುಪಟ್ಟ ಪಡೆದು ಸಹಾಯಕರಾಗಿದ್ದ ಊರಿನಲ್ಲಿ ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟಿದರು. ಆ ಊರಿನ ಹೆಸರು ಇಲ್ಲಿ ಬೇಡ. ಹಳೆಯ ಬೆಂಚುಗಳನ್ನು ವಿಲೇವಾರಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಬೆನ್ನಹಲಗೆಗಳ ಮೇಲೆ ದಾನಿಗಳ ಹೆಸರುಗಳನ್ನೂ, ಯಾವ ಮೃತರ ಆತ್ಮಶಾಂತಿಗಾಗಿ ಕೊಟ್ಟರೆಂಬುದನ್ನೂ ಕೊರೆದಿದ್ದರು. ನಾವು ಅದೊಂದನ್ನೂ ಬರೆದಿಟ್ಟುಕೊಳ್ಳದೆ, ಸಿಮೆಂಟಿನ ಹಣಕ್ಕೆ ಒದಗಲೆಂದು ಒಟ್ಟಾಗಿ ಒಬ್ಬ ವ್ಯಾಪಾರಿಗೆ ಕೊಟ್ಟುಬಿಟ್ಟೆವು. ಒಂದು ತಿಂಗಳಾದ ಮೇಲೆ ಮುದುಕಿಯೊಬ್ಬರು ಬಂದು, ತಮ್ಮ ಮಗನ ಹೆಸರಿದ್ದ ಹಲಗೆ ಎಲ್ಲಿ ಎಂದು ಕೇಳಿದರು. ಹೊಸ ದೇವಾಲಯವನ್ನು ತೋರಿಸಿ ಏನೋ ಹೇಳಿದೆವು. ಅವರು ತಲೆದೂಗಿ ಹೊರಟುಹೋದರು. ಮುಂದೆ ಅಂಥದೇ ಬೆಂಚೊಂದು ದೊಡ್ಡ ಹೋಟೆಲಿನ ಅಂಗಳದಲ್ಲಿ ಕಣ್ಣಿಗೆ ಬಿದ್ದಾಗ, ಹತ್ತಿರ ಹೋಗಿ ಓದುವ ಧೈರ್ಯ ನಮಗಾಗಲಿಲ್ಲ.

ಹೋದ ಹಲಗೆಗಳು ಹೋದವು. ಕಾಗದದಲ್ಲಿರುವುದನ್ನಾದರೂ ಕಾಪಾಡಬೇಕೆಂಬುದು ನಮ್ಮ ಹಟ. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳ ಪುಸ್ತಕವನ್ನಿಡಬೇಕೆಂದೂ ಜ್ಞಾನಸ್ನಾನದಲ್ಲಿ ಜ್ಞಾನಪೋಷಕರ ಹೆಸರನ್ನು ಬರೆಯಬೇಕೆಂದೂ ವಿಧಿಸಿತು. 1614ರ ರೋಮನ್ ಸಂಸ್ಕಾರವಿಧಿ ಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ, ಕುಟುಂಬಸ್ಥಿತಿ ಎಂದು ಐದು ಪುಸ್ತಕಗಳನ್ನು ಹೆಸರಿಸಿತು. ಅರಸರ, ಪಾಳೆಯಗಾರರ ವಂಶಾವಳಿ ಶಾಸನಗಳಲ್ಲಿದ್ದರೆ, ಕೂಲಿಕಾರನ ಮಗಳ ಹೆಸರು, ಅವಳ ತಾಯಿಯ ಹೆಸರು ಸಿಗುವುದು ಇಂಥ ಪುಸ್ತಕಗಳಲ್ಲಿ.

ಆದರೆ ಅವನ್ನು ಓದುವುದು ಸುಲಭವಲ್ಲ. ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಲತೀನಿನಲ್ಲಿ ಬರೆದರು. ನಮ್ಮ ಹೆಸರುಗಳನ್ನು ಫ್ರೆಂಚ್ ಕಿವಿಯಿಂದ ಕೇಳಿ ಬರೆದರು. ಮನೆಯಲ್ಲಿ ರಾಯಪ್ಪನೆಂದು ಕರೆದವನನ್ನು ಪುಸ್ತಕದಲ್ಲಿ 'ಪೇತ್ರುಸ್' ಎಂದು ಹುಡುಕಬೇಕು. ಚಿನ್ನಪ್ಪನು 'ಪೌಲುಸ್', ಅರುಳಪ್ಪನು 'ಯೊವಾನ್ನೆಸ್', ಇನ್ನಾಸಪ್ಪನು 'ಇಗ್ನಾತಿಯುಸ್'. ಚೌರಪ್ಪನು ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರಿನವನು. ತಮಿಳಿನ ದಾರಿಯಿಂದ ಬಂದು ಕನ್ನಡದ 'ಅಪ್ಪ'ನೊಡನೆ ಬೆರೆತ ಈ ಹೆಸರುಗಳನ್ನು ಇಂದಿನ ತಂದೆತಾಯಿಗಳು ಮಕ್ಕಳಿಗಿಡಲು ನಾಚುವುದು ನಮಗೆ ಅಷ್ಟಾಗಿ ಹಿಡಿಸದು.

ತಿಂಗಳುಗಳಲ್ಲಿಯೂ ಮೋಸಹೋಗುವುದುಂಟು. ಏಳರ ಅಂಕಿ ಬರೆದು ಪಕ್ಕದಲ್ಲಿ 'ಬ್ರಿಸ್' ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಪ್ರಾಚೀನ ರೋಮಿನಲ್ಲಿ ವರ್ಷ ಮಾರ್ಚಿಯಿಂದ ಮೊದಲಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯದು, ಅಕ್ಟೋಬರ್ ಎಂಟನೆಯದು. ರೋಮನ್ ಹತ್ತು ಇದ್ದರೆ ಡಿಸೆಂಬರ್. ಆ ತರುಣನ ತಾತನ ವರ್ಷವನ್ನು ಹುಡುಕುವಾಗ ನಾವೇ ಇದನ್ನು ಮರೆತು ಅರ್ಧ ದಿನ ಕಳೆದೆವು.

ಪುಟದ ಅಂಚನ್ನು ಮಾತ್ರ ಯಾರೂ ಅಲಕ್ಷಿಸಬಾರದು. 1908ರಲ್ಲಿ ಜಾರಿಗೆ ಬಂದ 'ನೆ ತೆಮೆರೆ' ಎಂಬ ಆಜ್ಞೆಯಂತೆ, ವಿವಾಹವು ಎಲ್ಲಿಯೇ ನಡೆದರೂ ಅದನ್ನು ಜ್ಞಾನಸ್ನಾನವಾದ ಧರ್ಮಕೇಂದ್ರದ ಪುಸ್ತಕದಲ್ಲಿ ನಮೂದಿಸಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮನೆಯ ವಂಶವೃಕ್ಷದಿಂದ ಮಾಯವಾಗುತ್ತಾರಷ್ಟೆ. ಅಂಚಿನ ಆ ಒಂದು ಸಾಲು ಅವರು ಕೋಲಾರದ ಚಿನ್ನದ ಗಣಿಗೆ ಹೋದರೋ ಕೊಡಗಿನ ಕಾಫಿ ತೋಟಕ್ಕೆ ಹೋದರೋ ಎಂಬುದನ್ನು ಹೇಳುತ್ತದೆ.

ಸಿಗುವುದೆಲ್ಲ ನಾವು ಬಯಸಿದ್ದೇ ಆಗಿರುವುದಿಲ್ಲ. ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಮನೆತನದವರು ಅರಮನೆಯ ಅಧಿಕಾರಿಗಳಾಗಿದ್ದರೆಂದು ನಂಬಿದ್ದರು. (ಪೂರ್ವಜರಲ್ಲಿ ದಿವಾನರನ್ನು ಹುಡುಕಿಕೊಂಡು ಬರುವವರೇ ಹೆಚ್ಚು, ಗಾರೆ ಕೆಲಸದವರನ್ನು ಹುಡುಕುವವರನ್ನು ನಾವಿನ್ನೂ ಕಂಡಿಲ್ಲ.) ನಮ್ಮದು ಸ್ವತಂತ್ರ ಧರ್ಮಕೇಂದ್ರವಾಗುವುದಕ್ಕೆ ಮುಂಚಿನ ದಾಖಲೆಗಳು ಮಾತೃ ಧರ್ಮಕೇಂದ್ರದಲ್ಲಿರುವುದರಿಂದ ಅವರೊಡನೆ ಅಲ್ಲಿಗೆ ಹೋದೆವು. ಅವರ ಮುತ್ತಜ್ಜನ ಜ್ಞಾನಸ್ನಾನ 1877ರಲ್ಲಿ. ತಂದೆತಾಯಿಗಳ ಹೆಸರಿರಬೇಕಾದಲ್ಲಿ 'ಇಗ್ನೋತಿಸ್', ಅಂದರೆ ಅಜ್ಞಾತರು, ಎಂದಿತ್ತು. ಅದು 1876ರಿಂದ 78ರವರೆಗಿನ ಕ್ಷಾಮದ ಕಾಲ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ದಾರಿಬದಿಯಲ್ಲಿ ಸಿಕ್ಕ ಮಕ್ಕಳು ಅನಾಥಾಲಯಗಳನ್ನು ಸೇರಿದರು.

ಉಪಾಧ್ಯಾಯರು ಬಹಳ ಹೊತ್ತು ಮಾತನಾಡಲಿಲ್ಲ. "ಹಾಗಾದರೆ ನಮ್ಮ ವಂಶ ಈ ಸಾಲಿನಿಂದಲೇ ಶುರುವೇ ಸ್ವಾಮಿ?" ಎಂದರು. ಆ ಪದದ ಮುಂದೆ ಜ್ಞಾನತಂದೆಯ ಹೆಸರಿತ್ತು. ಮಗುವಿಗೆ ತನ್ನ ಹೆಸರನ್ನೇ ಕೊಟ್ಟಿದ್ದ ಒಬ್ಬ ಉಪದೇಶಿ. ಆತನ ವಂಶಸ್ಥರು ನಮ್ಮ ಧರ್ಮಕೇಂದ್ರದಲ್ಲಿಯೇ, ಉಪಾಧ್ಯಾಯರ ಮನೆಯಿಂದ ಎರಡು ಬೀದಿಯಾಚೆ ಇದ್ದಾರೆ. ಅವರಿಗೂ ಇದು ತಿಳಿದಿರಲಿಲ್ಲ. ಕಳೆದ ಕ್ರಿಸ್ಮಸ್ಸಿಗೆ ಆ ಮನೆಯಿಂದ ಈ ಮನೆಗೆ ಕಲಕಲದ ತಟ್ಟೆ ಬಂದಿತೆಂದು ಕೇಳಿದ್ದೇವೆ.

ಈಗ ಒಂದೆರಡು ವಿನಂತಿಗಳು. ಪುಸ್ತಕಗಳನ್ನು ಯಾರ ಕೈಗೂ ಹಾಗೆಯೇ ಕೊಡಲಾಗುವುದಿಲ್ಲ. ಅವುಗಳಲ್ಲಿ ಪರರ ಮನೆಯ ಗುಟ್ಟುಗಳೂ ಇವೆ. ಬೇಕಾದ ಹೆಸರು ಮತ್ತು ಅಂದಾಜು ವರ್ಷವನ್ನು ಬರೆದುಕೊಟ್ಟರೆ ನಾವೇ ಹುಡುಕಿಕೊಡುವೆವು. ಮನೆಯ ಭಾವಚಿತ್ರಗಳ ಹಿಂದೆ ಮೃದುವಾದ ಸೀಸದ ಕಡ್ಡಿಯಿಂದ ಹೆಸರುಗಳನ್ನು ಬರೆಯಿರಿ. ಬಾಲ್‌ಪೆನ್ನು ಬೇಡ, ಅದರ ಗುರುತು ಮುಂಭಾಗಕ್ಕೆ ಒತ್ತಿಬರುತ್ತದೆ. ಅನೇಕ ಮನೆಗಳಲ್ಲಿ ಅಜ್ಜಿಯ ಒಂದೇ ಚಿತ್ರವೆಂದರೆ ಶವಪೆಟ್ಟಿಗೆಯ ಸುತ್ತ ಬಂಧುಗಳು ನಿಂತು ತೆಗೆಸಿಕೊಂಡದ್ದು. ಅದನ್ನು ಅಶುಭವೆಂದು ಸುಡಬೇಡಿ, ಅದರಲ್ಲಿ ಇಡೀ ಮನೆತನ ಸಾಲಾಗಿ ನಿಂತಿರುತ್ತದೆ. ಪೂಜಾಪೀಠದ ಶಿಲುಬೆ, ಸ್ವರೂಪಗಳನ್ನು ಮಾರುವ ಮುನ್ನ ನಮ್ಮಲ್ಲಿ ಒಂದು ಮಾತು ಕೇಳಿರಿ. ಮಂತ್ರಿಸಿದ ವಸ್ತುಗಳು ಖಾಸಗಿಯವರ ವಶದಲ್ಲಿದ್ದರೂ ಅವುಗಳನ್ನು ಲೌಕಿಕ ಬಳಕೆಗೆ ತರಬಾರದೆಂಬುದು 1983ರ ಧರ್ಮಸಭೆಯ ಕಾನೂನಿನ ವಿಧಿ.

ಸಂತೆಯಲ್ಲಿ ಕೊಂಡ ಆ ಚಿತ್ರವನ್ನು ಚೌಕಟ್ಟಿನ ಸಮೇತ ಕಚೇರಿಯ ಗೋಡೆಗೆ ಹಾಕಿದ್ದೇವೆ. ಹದಿನಾಲ್ಕು ಮಕ್ಕಳಲ್ಲಿ ಎಡದಿಂದ ಮೂರನೆಯ ಹುಡುಗನು ಮಾತ್ರ ಕ್ಯಾಮೆರಾದ ಕಡೆ ನೋಡದೆ ತನ್ನ ಬತ್ತಿಯ ಜ್ವಾಲೆಯನ್ನು ನೋಡುತ್ತಿದ್ದಾನೆ. ಯಾವ ಊರಿನವರೆಂದು ಈವರೆಗೆ ಯಾರೂ ಗುರುತಿಸಿಲ್ಲ. ಉತ್ಸವಕ್ಕೆ ಬರುವ ಹಿರಿಯರು ಒಮ್ಮೆ ಒಳಗೆ ಬಂದು ನೋಡಬೇಕಾಗಿ ಕೋರುತ್ತೇವೆ. ಕಚೇರಿಯು ಎರಡನೆಯ ಪೂಜೆಯ ನಂತರ ತೆರೆದಿರುತ್ತದೆ.