ಕುಮಾರರಾಮನ ತಲೆ ಕೇಳಿದವರು ಯಾರು?

ಯಶವಂತನಗರದ ಸುತ್ತಣ ಸಂಡೂರು ಬೆಟ್ಟಸಾಲಿನಿಂದ ಹಿಡಿದು ಹೊಸಪೇಟೆ, ಕಂಪ್ಲಿ ದಾಟಿ, ತುಂಗಭದ್ರೆಯ ಆಚೆ ಇಂದಿನ ಕೊಪ್ಪಳ ಜಿಲ್ಲೆಯ ಕುಮ್ಮಟದುರ್ಗದವರೆಗೆ ಹರಡಿರುವ ಸೀಮೆಯಲ್ಲಿ ವಿಜಯನಗರದ ಅರಸರಿಗಿಂತಲೂ ಹಳೆಯ ನಾಯಕನೊಬ್ಬನಿದ್ದಾನೆ. ಅವನೇ ಗಂಡುಗಲಿ ಕುಮಾರರಾಮ. ಮುಮ್ಮಡಿ ಸಿಂಗನ ಮೊಮ್ಮಗ, ಕಂಪಿಲರಾಯನ ಮಗ. ಪರನಾರಿ ಸೋದರನೆಂದು ಜನ ಅವನನ್ನು ಕರೆದರು. ಅಂಥವನ ಮೇಲೆಯೇ ಮಲತಾಯಿಯ ಮೈಮುಟ್ಟಿದ ಆಪಾದನೆ ಬಂತು. ತಂದೆಯೇ ಅವನ ತಲೆ ತರಲು ಅಪ್ಪಣೆ ಕೊಟ್ಟ.

ಕಥೆಯ ಸಾರಾಂಶ ಹೀಗಿದೆ. ಚೆಂಡಾಟದ ವೇಳೆ ಚೆಂಡು ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ರಾಮನನ್ನು ಕಂಡು ಅವಳು ಮೋಹಿಸುತ್ತಾಳೆ. ಅವನು 'ನೀನು ನನಗೆ ತಾಯಿ' ಎಂದು ಕೊಸರಿಕೊಂಡು ಬರುತ್ತಾನೆ. ರತ್ನಾಜಿ ಗಂಡನೆದುರು ಕಥೆಯನ್ನು ತಿರುಗಿಸಿ ಹೇಳುತ್ತಾಳೆ. ಕಂಪಿಲ ಮಂತ್ರಿ ಬೈಚಪ್ಪನನ್ನು ಕರೆದು ಮಗನ ತಲೆ ಕಡಿದು ತರುವಂತೆ ಆಜ್ಞಾಪಿಸುತ್ತಾನೆ. ಬೈಚಪ್ಪ ರಾಮನನ್ನು ಗುಟ್ಟಾಗಿ ಬಚ್ಚಿಟ್ಟು, ಹೆಚ್ಚು ಪ್ರಚಲಿತವಾಗಿರುವ ಪಾಠದಂತೆ, ಅವನನ್ನು ಹೋಲುವ ಬೇರೊಬ್ಬನ ತಲೆಯನ್ನು ಒಪ್ಪಿಸುತ್ತಾನೆ. ರಾಮ ಸತ್ತನೆಂಬ ಸುದ್ದಿ ಕೇಳಿ ದೆಹಲಿಯ ಸೈನ್ಯ ಏರಿಬರುತ್ತದೆ. ಕಂಪಿಲ ಮಗನಿಲ್ಲವಲ್ಲ ಎಂದು ಗೋಳಾಡುವಾಗ ಮಂತ್ರಿ ಅವನನ್ನು ಹೊರತರುತ್ತಾನೆ. ರಾಮ ಗೆಲ್ಲುತ್ತಾನೆ, ರತ್ನಾಜಿ ನೇಣು ಹಾಕಿಕೊಳ್ಳುತ್ತಾಳೆ. ಮುಂದೊಂದು ಯುದ್ಧದಲ್ಲಿ ರಾಮನೂ ಮಡಿಯುತ್ತಾನೆ.

ಈ ಕಥೆ ಕಂಪ್ಲಿಯೊಂದರದ್ದೇ ಅಲ್ಲ. ಗ್ರೀಕ್ ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 428ರಲ್ಲಿಯೇ ಹಿಪ್ಪೊಲಿಟಸ್‌ನ ದುರಂತವನ್ನು ರಂಗಕ್ಕೆ ತಂದಿದ್ದ. ಅಲ್ಲಿಯೂ ಮಲತಾಯಿಯ ಮೋಹ, ಸುಳ್ಳು ದೂರು, ತಂದೆಯ ಕೋಪ. ತೆಲುಗು ನಾಡಿನಲ್ಲಿ ಸಾರಂಗಧರ, ಬೌದ್ಧ ಕಥೆಗಳಲ್ಲಿ ಅಶೋಕನ ಮಗ ಕುಣಾಲ ಇದೇ ಜಾಡಿನವರು. ಆದರೆ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕುಣಾಲನ ಕಣ್ಣು ಕೀಳಿಸಿದ್ದು ಅರಸನಿಗೆ ತಿಳಿಯದಂತೆ ಅವನ ಮುದ್ರೆ ಹಾಕಿ ಕಳಿಸಿದ ಓಲೆ. ಅಲ್ಲಿ ಅಶೋಕ ಮೋಸಹೋದವನು. ಕಂಪಿಲನಿಗೆ ಆ ರಿಯಾಯಿತಿ ಇಲ್ಲ. ಅಪ್ಪಣೆ ಅವನ ಬಾಯಿಂದಲೇ ಬಂದದ್ದು.

ಹಾಗಾದರೆ ಹೊಣೆ ಯಾರದು? ಕಥೆ ಕೇಳಿದವರೆಲ್ಲರೂ ತಡಮಾಡದೆ ರತ್ನಾಜಿಯ ಹೆಸರು ಹೇಳಿಬಿಡುತ್ತಾರೆ. ಅವಳು ನಿರಪರಾಧಿಯೇನಲ್ಲ, ಒಬ್ಬನ ಪ್ರಾಣಕ್ಕೆ ಎರವಾಗುವ ಸುಳ್ಳನ್ನು ತಿಳಿದೇ ಹೇಳಿದವಳು. ಆದರೆ ಸುಳ್ಳು ಹೇಳುವುದು ಬೇರೆ, ಕತ್ತಿ ಎತ್ತಿಸುವ ಅಧಿಕಾರ ಬೇರೆ. ಆ ಅಧಿಕಾರವಿದ್ದ ಒಬ್ಬನೇ ವ್ಯಕ್ತಿ ಸಾಕ್ಷಿ ಕೇಳಲಿಲ್ಲ, ವಿಚಾರಣೆ ನಡೆಸಲಿಲ್ಲ. ಯೂರಿಪಿಡೀಸ್‌ನ ನಾಟಕದ ಕೊನೆಗೆ ಆರ್ಟೆಮಿಸ್ ದೇವತೆ ಬಂದು ತಂದೆ ಥೀಸಿಯಸ್‌ನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಪುರಾವೆಗೆ ಕಾಯದೆ, ಕಾಲಕ್ಕೆ ಬಿಡದೆ ಮಗನನ್ನು ಶಪಿಸಿದೆಯಲ್ಲ ಎಂಬುದೇ ಅವಳ ಆಕ್ಷೇಪ. ಕಂಪಿಲನಿಗೆ ಹಾಗೆ ಕೇಳುವವರು ಸಿಗಲಿಲ್ಲ. ರತ್ನಾಜಿಗೆ ಸಾವು ಬಂತು. ಅರಸನಿಗೆ ಮಗನೇ ಮರಳಿ ಸಿಕ್ಕ.

ಬೈಚಪ್ಪನ ವಿಚಾರ ಇನ್ನೂ ತೊಡಕಿನದು. ಅವನು ಜಾಣ, ರಾಜನಿಷ್ಠ. ರಾಜ್ಯ ಉಳಿದದ್ದು ಅವನ ಸಮಯಪ್ರಜ್ಞೆಯಿಂದ. ಆದರೂ ಆ ರಾತ್ರಿ ಒಂದು ತಲೆ ನಿಜವಾಗಿ ಉರುಳಿತು. ರಾಮನಂತೆ ಕಂಡದ್ದಷ್ಟೇ ಆ ಮನುಷ್ಯನ ತಪ್ಪು. ಇಡೀ ಪ್ರಸಂಗದಲ್ಲಿ ಕೊಲೆಯೆಂದು ಕರೆಯಬಹುದಾದ ಸಾವು ಅದೊಂದೇ. ಕೇಳುಗರು ರಾಮ ಬದುಕಿದನೆಂಬ ನೆಮ್ಮದಿಯಲ್ಲಿ ಅವನನ್ನು ದಾಟಿ ಮುಂದೆ ಹೋಗುತ್ತಾರೆ.

ಇನ್ನು ಇತಿಹಾಸದ ಮಾತು. ದೆಹಲಿಯ ಸುಲ್ತಾನ ಮಹಮದ್ ಬಿನ್ ತುಘಲಕ್‌ನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಸಗರದಲ್ಲಿ ಅಧಿಕಾರಿಯಾಗಿದ್ದವನು. 1326ರ ಸುಮಾರಿಗೆ ದಂಗೆಯೆದ್ದು, ಸೋತು, ಕಂಪಿಲನ ಆಶ್ರಯಕ್ಕೆ ಓಡಿಬಂದ. ಕಂಪಿಲ ಅವನನ್ನು ಒಪ್ಪಿಸಲಿಲ್ಲ. ದೆಹಲಿಯ ಸೇನೆ ಮತ್ತೆ ಮತ್ತೆ ದಂಡೆತ್ತಿ ಬಂತು. ಕೊನೆಗೆ ಆಹಾರ ಮುಗಿಯುತ್ತ ಬಂದಾಗ ಅತಿಥಿಯನ್ನು ಹೊಯ್ಸಳ ಮುಮ್ಮಡಿ ಬಲ್ಲಾಳನ ಬಳಿಗೆ ಕಳುಹಿಸಿ, ಕೋಟೆಯ ಹೆಂಗಸರು ಬೆಂಕಿಗೆ ಹಾರಿದ ಮೇಲೆ, 1327ರಲ್ಲಿ ಕಂಪಿಲ ಹೋರಾಡಿ ಸತ್ತ. ಬಲ್ಲಾಳ ಅತಿಥಿಯನ್ನು ದೆಹಲಿಗೆ ಒಪ್ಪಿಸಿಬಿಟ್ಟ. ಇದನ್ನು ಬರೆದ ಮೊರಾಕೊದ ಪ್ರವಾಸಿ ಇಬ್ನ್ ಬತೂತ 1334ರಲ್ಲಿ ದೆಹಲಿ ಸೇರಿದವನು. ಸೆರೆಯಾಗಿ ಮತಾಂತರಗೊಂಡ ಕಂಪಿಲನ ಹನ್ನೊಂದು ಮಕ್ಕಳಲ್ಲಿ ಮೂವರನ್ನು ಅವನು ಸ್ವತಃ ಕಂಡಿದ್ದ. ಅವನ ಬರಹದಲ್ಲಿ ರತ್ನಾಜಿಯ ಸುಳಿವೇ ಇಲ್ಲ.

ರತ್ನಾಜಿ ಬರುವುದು ಕಾವ್ಯಗಳಲ್ಲಿ. ನಂಜುಂಡ ಕವಿಯ ಕುಮಾರರಾಮನ ಸಾಂಗತ್ಯ 16ನೇ ಶತಮಾನದ್ದು, ಅಂದರೆ ಘಟನೆ ನಡೆದು ಎರಡು ನೂರು ವರ್ಷಗಳಾದ ಮೇಲಿನದು. ಅವನ ಬಳಿಕ ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಮೊದಲಾದವರೂ ಇದೇ ವಸ್ತುವನ್ನು ಕೈಗೆತ್ತಿಕೊಂಡರು. ಈ ಪರಂಪರೆಯಲ್ಲಿ ಸುಲ್ತಾನನ ಮಗಳು ಬಾಬಮ್ಮ ರಾಮನಿಗೆ ಮನಸೋಲುತ್ತಾಳೆ, ದೆಹಲಿ ಕೆರಳುವುದಕ್ಕೆ ಅದೂ ಒಂದು ಕಾರಣವಾಗುತ್ತದೆ. ಕೊನೆಯ ಯುದ್ಧಕ್ಕೆ ಸೇನೆಯ ಮುಂದಾಳಾಗಿ ಬರುವವಳು ಮಾತಂಗಿ. ಮನೆಯೊಳಗಿನ ಅನರ್ಥಕ್ಕೆ ಒಬ್ಬ ಹೆಣ್ಣು, ದಾಳಿಯ ಕಾರಣಕ್ಕೆ ಇನ್ನೊಬ್ಬಳು, ಸಾವಿಗೆ ಮತ್ತೊಬ್ಬಳು! ಶರಣು ಬಂದವನನ್ನು ಕಾಯುತ್ತೇನೆಂದು ಅರಸನೊಬ್ಬ ತೆಗೆದುಕೊಂಡ ತೀರ್ಮಾನ ಈ ಹೆಣ್ಣುಗಳ ನೆರಳಲ್ಲಿ ಮಸುಕಾಗಿದೆ. ಕವಿಗಳನ್ನು ದೂರಿ ಫಲವಿಲ್ಲ. ನಾಯಕನ ಶೀಲವನ್ನು ಪರೀಕ್ಷೆಗೊಡ್ಡಲು ಅವರಿಗೆ ಮೋಹಿಸುವವಳೊಬ್ಬಳು ಬೇಕಿತ್ತು. ರಾಜ್ಯ ಕಳೆದುಕೊಂಡ ಜನಕ್ಕೂ ತಮ್ಮ ಅರಸನ ಮೇಲೆ ತಪ್ಪು ಹೊರಿಸುವುದಕ್ಕಿಂತ ಇದು ಸುಲಭವಾಗಿ ಕಂಡಿರಬೇಕು.

ಆದರೂ ಕಥೆಯನ್ನು ಹಾಗೆಯೇ ಒಪ್ಪಿಕೊಂಡು ಓದಿದರೂ ಅರಸನ ಅಪ್ಪಣೆಯನ್ನು ಅದರೊಳಗಿಂದ ಅಳಿಸಲು ಬರುವುದಿಲ್ಲ. ಕವಿಗಳು ರತ್ನಾಜಿಯನ್ನು ಎಷ್ಟೇ ಕಪ್ಪಾಗಿ ಚಿತ್ರಿಸಲಿ, ತಲೆ ತರಹೇಳುವ ಮಾತನ್ನು ಅವರು ಕಂಪಿಲನ ಬಾಯಲ್ಲಿಯೇ ಇಟ್ಟಿದ್ದಾರೆ.

ಕುಮಾರರಾಮ ಈಗ ದೈವ. ಮಲೆನಾಡಿನ ಕೆಲವೆಡೆ ಮರದಲ್ಲಿ ಕೆತ್ತಿದ ಅವನ ತಲೆಯನ್ನಿಟ್ಟು ಪೂಜಿಸುತ್ತಾರೆ. ಬೈಚಪ್ಪ ಅರಸನೆದುರು ತಂದಿಟ್ಟ ಇನ್ನೊಂದು ತಲೆಯನ್ನು ಕೇಳುಗರು ದಾಟಿ ಹೋಗುತ್ತಾರೆ.