ಗವಿಯೊಳಗೆ ಹರಿಯುವ ನೀರು: ಯಾಣದಿಂದ ಬೇಲಂವರೆಗೆ

ಶಿರಸಿ ತಾಲ್ಲೂಕಿನ ಎಕ್ಕಂಬಿ ಕಡೆಯವರಿಗೆ ಗವಿ ಎಂದೊಡನೆ ನೆನಪಾಗುವುದು ಯಾಣ. ನೆಲದಡಿ ಹೊಳೆ ಹರಿಯುವ, ದೀಪ ಹಾಕಿ ಟಿಕೆಟ್ ಕೊಟ್ಟು ತೋರಿಸುವ ಗುಹೆ ನೋಡಬೇಕೆಂದರೆ ಮಾತ್ರ ಘಟ್ಟ ಬಿಟ್ಟು ಬಳ್ಳಾರಿಯ ಆಚೆಗೆ, ಆಂಧ್ರದ ಬೇಲಂಗೆ ಹೋಗಬೇಕು. ಎರಡನ್ನೂ ಕೊರೆದದ್ದು ಮಳೆನೀರೇ.

ಯಾಣ: ಹನಿಯುವ ನೀರು

ಯಾಣ ಇರುವುದು ಕುಮಟಾ ತಾಲ್ಲೂಕಿನಲ್ಲಾದರೂ ಶಿರಸಿಯವರಿಗೆ ಅದು ನೆರೆಮನೆಯಂತೆ. ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಎರಡು ಶಿಖರಗಳು: ಭೈರವೇಶ್ವರ ಸುಮಾರು 120 ಮೀಟರ್, ಮೋಹಿನಿ ಸುಮಾರು 90 ಮೀಟರ್. ಭೈರವೇಶ್ವರ ಶಿಖರದ ಬುಡದ ಗವಿಯಲ್ಲಿ ಲಿಂಗದ ಮೇಲೆ ಬಂಡೆಯಿಂದಲೇ ನೀರು ತೊಟ್ಟಿಕ್ಕುತ್ತದೆ. ಭಸ್ಮಾಸುರನ ಬೂದಿಯಿಂದ ನೆಲ ಕಪ್ಪಾಯಿತು ಎಂಬುದು ಸ್ಥಳಪುರಾಣ. ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ ಎಂಬ ಗಾದೆ ಹುಟ್ಟಿದ್ದು ಅಲ್ಲಿಗೆ ಸರಿಯಾದ ದಾರಿಯಿಲ್ಲದ ಕಾಲದಲ್ಲಿ. 1996ರ 'ನಮ್ಮೂರ ಮಂದಾರ ಹೂವೇ' ಚಿತ್ರದ ನಂತರ ಹೊರಗಿನವರಿಗೂ ಯಾಣ ಪರಿಚಯವಾಯಿತು. ಇಲ್ಲಿಯ ಚಂಡಿಕಾ ಹಳ್ಳ ಅಘನಾಶಿನಿಯನ್ನು ಸೇರುತ್ತದೆ.

ಕಲ್ಲು ಕರಗುವ ಬಗೆ

ಮಳೆನೀರು ಗಾಳಿಯಿಂದಲೂ ಕಾಡಿನ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲಿನ ಸೀಳುಗಳಲ್ಲಿ ಇಳಿದು ಕಲ್ಲನ್ನು ಕರಗಿಸಿ ದಾರಿ ಅಗಲಿಸುತ್ತದೆ. ದಾರಿ ಸಾಕಷ್ಟು ದೊಡ್ಡದಾದರೆ ಮೇಲಿನ ಹಳ್ಳವೇ ನೆಲದೊಳಗೆ ಇಳಿದುಬಿಡುತ್ತದೆ. ಕರಗಿದ ಸುಣ್ಣ ಹೊತ್ತ ಹನಿ ಗುಹೆಯ ಗಾಳಿಗೆ ಬಂದಾಗ ಅನಿಲ ಹೊರಬಿದ್ದು ಸುಣ್ಣ ಅಲ್ಲೇ ಉಳಿಯುತ್ತದೆ. ಚಾವಣಿಯಿಂದ ಇಳಿಬಿದ್ದರೆ ಸ್ಟ್ಯಾಲಕ್ಟೈಟ್, ನೆಲದಿಂದ ಮೇಲೆದ್ದರೆ ಸ್ಟ್ಯಾಲಗ್ಮೈಟ್. ಜೋಯಿಡಾ ಕಾಡಿನ ಕವಳಾ ಗವಿಯಲ್ಲಿ ಶಿವರಾತ್ರಿಗೆ ಪೂಜೆಗೊಳ್ಳುವ ಲಿಂಗ ಇಂಥದೇ ಸ್ಟ್ಯಾಲಗ್ಮೈಟ್. ರಸಾಯನಶಾಸ್ತ್ರ ತಿಳಿದ ಮೇಲೆ ಅದರ ಮುಂದೆ ಕೈಮುಗಿಯುವುದು ನನಗೆ ಇನ್ನಷ್ಟು ಸಹಜವೆನಿಸಿದೆ. ಎಷ್ಟು ಮಳೆಗಾಲಗಳ ಹನಿ ಅದು!

ಚಿರೇಕಲ್ಲು ಹೀಗೆ ಕರಗುವುದಿಲ್ಲ. ಅದರೊಳಗಿನ ಮೆತ್ತನೆಯ ಜೇಡಿಯನ್ನು ನೀರು ತೊಳೆದೊಯ್ದು ಪೊಟರೆ ಮಾಡುತ್ತದೆ. ಮಂಗಳೂರು ಸಮೀಪದ ನೆಲ್ಲಿತೀರ್ಥದ ಗುಹೆಯಲ್ಲಿ ಬಗ್ಗಿ, ತೆವಳಿ ಸಾಗಿದರೆ ಒಳಗೆ ಕೊಳವೂ ಲಿಂಗವೂ ಸಿಗುತ್ತವೆ. ನೆಲ್ಲಿಕಾಯಿ ಗಾತ್ರದ ಹನಿ ಬೀಳುವುದರಿಂದ ಆ ಹೆಸರಂತೆ.

ಬೇಲಂ: ಪಾತಾಳಗಂಗೆ

ನಂದ್ಯಾಲ ಜಿಲ್ಲೆಯ ಬೇಲಂ ಬಟ್ಟಬಯಲಿನ ಕೆಳಗಿದೆ. ಮೇಲೆ ನಿಂತರೆ ಹೊಲ, ಕುರುಚಲು ಮಾತ್ರ. ಗುಹೆಯ ಒಟ್ಟು ಉದ್ದ 3,229 ಮೀಟರ್, ಪ್ರವಾಸಿಗರಿಗೆ ತೆರೆದಿರುವುದು ಸುಮಾರು 1.5 ಕಿ.ಮೀ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ದಾಖಲಿಸಿದರು. ಸುಮಾರು ನೂರು ವರ್ಷದ ನಂತರ, 1982ರಿಂದ 84ರವರೆಗೆ, ಜರ್ಮನಿಯ ಡೇನಿಯಲ್ ಗೆಬೌಯರ್ ತಂಡ ವಿವರವಾಗಿ ಅಳೆಯಿತು. 2002ರಲ್ಲಿ ಜನರಿಗೆ ತೆರೆಯಿತು.

ಒಳಗೆ 46 ಮೀಟರ್ ಆಳದಲ್ಲಿ ಪಾತಾಳಗಂಗೆ. ದೊಡ್ಡ ಹೊಳೆಯನ್ನು ನಿರೀಕ್ಷಿಸಿ ಹೋದವರಿಗೆ ಅದು ಚಿಕ್ಕದೆನಿಸಬಹುದು. ಬಿಸಿಲುನಾಡಿನ ಅಡಿಯಲ್ಲಿ ವರ್ಷವಿಡೀ ಹರಿದು ಮತ್ತೆ ಕಲ್ಲಿನೊಳಗೇ ಮರೆಯಾಗುವ ಆ ತೊರೆಯ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಹಿಂದೆ ಇದಕ್ಕಿಂತ ಬಹು ದೊಡ್ಡ ಪ್ರವಾಹ ಹರಿದದ್ದಕ್ಕೆ ಆ ಅಗಲವಾದ ಓಣಿಗಳೇ ಸಾಕ್ಷಿ.

ಹೋಗುವ ಮುನ್ನ

ಬೇಲಂ ಒಳಗೆ ತಂಪಿರುತ್ತದೆ ಎಂದುಕೊಳ್ಳಬೇಡಿ; ಗಾಳಿ ಊದುವ ವ್ಯವಸ್ಥೆಯಿದ್ದರೂ ಸೆಕೆ, ಬೆವರು. ಉಸಿರಾಟದ ತೊಂದರೆ ಇರುವವರು ಆಳಕ್ಕೆ ಇಳಿಯದಿರುವುದು ಒಳ್ಳೆಯದು. ನಮ್ಮ ಕಡೆಯ ಗವಿಗಳಿಗೆ ಮಳೆಗಾಲದಲ್ಲಿ ಹೋಗಬೇಡಿ: ಕಲ್ಲು ಜಾರುತ್ತದೆ, ಇಂಬಳ ಹತ್ತುತ್ತದೆ, ಹಳ್ಳ ಗಳಿಗೆಯಲ್ಲಿ ಏರುತ್ತದೆ. ಕವಳಾ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಕಾಡು, ಅರಣ್ಯ ಇಲಾಖೆಯನ್ನು ಕೇಳಿಯೇ ಹೊರಡಿ. ಹನಿಗಟ್ಟುತ್ತಿರುವ ಸುಣ್ಣದ ಕಂಬವನ್ನು ಮುಟ್ಟಬೇಡಿ. ಕೈಯ ಎಣ್ಣೆ ಅಂಟಿದ ಕಡೆ ಸುಣ್ಣ ಕೂರುವುದಿಲ್ಲ, ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಬಾವಲಿಗಳಿದ್ದರೆ ಟಾರ್ಚ್ ನೆಲಕ್ಕೆ ಹಿಡಿಯಿರಿ.