ಒಣಗುವ ಹೊತ್ತು

ಇಂಗ್ಲಿಷಿನಲ್ಲಿ ಇದರ ಹೆಸರು ‘ಡ್ರೈವಾಲ್’, ಅಂದರೆ ಒಣ ಗೋಡೆ. ಗೋಡೆ ಒಣಗಿರುವುದೇ ಸಹಜ. ಅದನ್ನು ಹೆಸರಿನಲ್ಲೇ ಹೇಳಬೇಕಾಗಿ ಬಂದದ್ದೇಕೆ? ಈ ಹೆಸರು ಹುಟ್ಟಿದ ಅಮೆರಿಕದಲ್ಲಿ ಅದಕ್ಕಿಂತ ಮೊದಲಿನ ಗೋಡೆ ಒದ್ದೆಯಾಗಿತ್ತು. ಅದು ಒಣಗಲೆಂದು ಮನೆ ಕಟ್ಟುವವರೆಲ್ಲ ವಾರಗಟ್ಟಲೆ ಕಾಯಬೇಕಿತ್ತು. ಎರಡು ಕಾಗದಗಳ ನಡುವೆ ಜಿಪ್ಸಂ ತುಂಬಿದ, ಸುಮಾರು ಅರ್ಧ ಇಂಚು ದಪ್ಪದ ಹಲಗೆ ಆ ಕಾಯುವಿಕೆಯನ್ನು ತೆಗೆದುಹಾಕಿತು. ಇಂದು ಮುಂಬೈ, ಹೈದರಾಬಾದಿನ ಕಚೇರಿಗಳಲ್ಲಿ ಒಂದು ಕೋಣೆಯನ್ನು ಕೆಲವೇ ದಿನಗಳಲ್ಲಿ ಎರಡು ಮಾಡುವುದೂ ಇದೇ ಹಲಗೆ. ಅದು ಉಳಿಸಿಕೊಟ್ಟ ಹೊತ್ತು ಯಾರ ಪಾಲಾಯಿತು ಎಂಬ ಪ್ರಶ್ನೆ ಮಾತ್ರ ಅದರ ಚರಿತ್ರೆಯುದ್ದಕ್ಕೂ ಹಿಂಬಾಲಿಸಿ ಬಂದಿದೆ.

ಹತ್ತೊಂಬತ್ತನೇ ಶತಮಾನದ ಅಮೆರಿಕದ ಮನೆಗಳಿಗೆ ಮರದ ಚೌಕಟ್ಟೇ ಅಸ್ಥಿಪಂಜರ. ಒಳಗೋಡೆ ಎಬ್ಬಿಸಲು ಆ ಚೌಕಟ್ಟಿನ ಮೇಲೆ ತೆಳುವಾದ ಮರದ ರೀಪುಗಳನ್ನು ಅಡ್ಡಡ್ಡ, ನಡುನಡುವೆ ಸಣ್ಣ ಸಂದು ಬಿಟ್ಟು ಹೊಡೆಯುತ್ತಿದ್ದರು. ದನದ ಅಥವಾ ಕುದುರೆಯ ಕೂದಲು ಬೆರೆಸಿದ ಸುಣ್ಣದ ಗಾರೆಯನ್ನು ಅದರ ಮೇಲೆ ಒತ್ತಿ ಬಳಿದಾಗ ಗಾರೆ ಸಂದುಗಳಲ್ಲಿ ತೂರಿ ಹಿಂದೆ ಕೊಕ್ಕೆಯಂತೆ ಬಾಗಿ ಗಟ್ಟಿಯಾಗುತ್ತಿತ್ತು. ಗೋಡೆ ಹಿಡಿದು ನಿಲ್ಲುತ್ತಿದ್ದುದೇ ಆ ಕೊಕ್ಕೆಗಳಿಂದ. ಮೊದಲ ಪದರ ಒರಟು, ಎರಡನೆಯದು ಮಟ್ಟಸಕ್ಕೆ, ಮೂರನೆಯದು ನಯಕ್ಕೆ. ಪ್ರತಿ ಪದರಕ್ಕೂ ಅದರದೇ ಬಿಡುವು ಬೇಕು. ಅಲ್ಲಿಯವರೆಗೆ ಬಡಗಿ ಬಾಗಿಲ ಪಟ್ಟಿ ಹೊಡೆಯುವಂತಿಲ್ಲ, ಬಣ್ಣದವನು ಒಳಗೆ ಬರುವಂತಿಲ್ಲ. ಚಳಿಗಾಲವಾದರೆ ಖಾಲಿ ಮನೆಯೊಳಗೆ ಒಲೆ ಉರಿಸಿ ಗೋಡೆ ಒಣಗಿಸಬೇಕು. ಗಾರೆ ಕೆಲಸಗಾರನ ಗೌರವ ಇದ್ದದ್ದು ಇಲ್ಲೇ. ಕರಣೆ ಹಿಡಿದು ಹತ್ತಡಿ ಗೋಡೆಯನ್ನು ಕನ್ನಡಿಯಂತೆ ಎಳೆಯುವ ಕೈಗೆ ವರ್ಷಗಳ ಪಳಗುವಿಕೆ ಬೇಕು. ಅಮೆರಿಕದ ಗಾರೆ ಕೆಲಸಗಾರರ ರಾಷ್ಟ್ರೀಯ ಸಂಘ 1864ರಷ್ಟು ಹಿಂದೆಯೇ ಹುಟ್ಟಿತ್ತು.

ಸುಣ್ಣಕ್ಕಿಂತ ಬೇಗ ಗಟ್ಟಿಯಾಗುವ ವಸ್ತುವೊಂದು ಮನುಷ್ಯರಿಗೆ ಮೊದಲಿನಿಂದಲೂ ಗೊತ್ತಿತ್ತು. ಜಿಪ್ಸಂ ಮೆದುವಾದ ಕಲ್ಲು. ಅದರ ತೂಕದ ಸುಮಾರು ಐದನೇ ಒಂದು ಭಾಗ ಹರಳಿನೊಳಗೆ ಕಟ್ಟಿಹಾಕಿಕೊಂಡ ನೀರು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಬಿಳಿ ಪುಡಿ ಉಳಿಯುತ್ತದೆ. ಪುಡಿಗೆ ಮತ್ತೆ ನೀರು ಬೆರೆಸಿದರೆ ಕಳೆದುಕೊಂಡದ್ದನ್ನು ಮರಳಿ ಹೀರಿ ನಿಮಿಷಗಳಲ್ಲಿ ಕಲ್ಲಾಗುತ್ತದೆ. ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದ ಗಣಿಗಳಿಂದಾಗಿ ಇದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಹೆಸರು ಬಂತು. ನಮ್ಮಲ್ಲಿ ಅದೇ ‘ಪಿಒಪಿ’: ಗಣೇಶನ ಮೂರ್ತಿಗಳ ವಿವಾದದಲ್ಲಿ ಕೇಳಿಬರುವುದೂ, ಮುರಿದ ಕೈಗೆ ಹಾಕುವ ಕಟ್ಟೂ, ಸೀಲಿಂಗಿನ ಅಲಂಕಾರವೂ ಒಂದೇ ಪುಡಿ.

ಜಿಪ್ಸಂ ಬೆಂಕಿಯನ್ನು ತಡೆಯುವುದೂ ಒಳಗಿನ ಆ ನೀರಿನಿಂದಲೇ. ಬೆಂಕಿ ತಾಗಿದಾಗ ನೀರು ಆವಿಯಾಗಿ ಹೊರಡಲು ಶಾಖವನ್ನು ನುಂಗುತ್ತದೆ. ಅದು ಪೂರ್ತಿ ಮುಗಿಯುವವರೆಗೆ ಹಲಗೆಯ ಆಚೆ ಬದಿ ನೀರು ಕುದಿಯುವ ಬಿಸಿಗಿಂತ ಹೆಚ್ಚೇನೂ ಏರುವುದಿಲ್ಲ. ಹೆಸರಿಗೆ ಒಣ ಗೋಡೆ, ಕಾಪಾಡುವುದು ಮಾತ್ರ ಅದರೊಳಗೆ ಅಡಗಿದ ನೀರು.

ಈ ಪುಡಿಯನ್ನು ಗೋಡೆಯ ಮೇಲೆ ಬಳಿಯುವ ಬದಲು ಕಾರ್ಖಾನೆಯಲ್ಲೇ ಹಲಗೆ ಮಾಡಿ ತಂದರೆ ಹೇಗೆ ಎಂದು ಯೋಚಿಸಿದವರಲ್ಲಿ ಆಗಸ್ಟೀನ್ ಸ್ಯಾಕೆಟ್ ಮುಖ್ಯ. 1894ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಕಾಗದ ಮತ್ತು ಪ್ಲಾಸ್ಟರನ್ನು ಪದರಪದರವಾಗಿ ಜೋಡಿಸಿದ ಅವನ ಹಲಗೆ ಗೋಡೆಯಾಗಲು ಬಂದದ್ದಲ್ಲ, ರೀಪುಗಳ ಜಾಗ ತುಂಬಲು ಬಂದದ್ದು. ಅದರ ಮೇಲೆ ಗಾರೆ ಕೆಲಸಗಾರ ಎಂದಿನಂತೆ ಬಳಿಯಲೇಬೇಕಿತ್ತು. 1902ರಲ್ಲಿ ಹಲವು ಜಿಪ್ಸಂ ಉದ್ಯಮಗಳು ಕೂಡಿ ಆದ ಯುನೈಟೆಡ್ ಸ್ಟೇಟ್ಸ್ ಜಿಪ್ಸಂ ಕಂಪನಿ 1909ರಲ್ಲಿ ಸ್ಯಾಕೆಟ್‌ನ ಉದ್ಯಮವನ್ನು ಕೊಂಡಿತು. ನಡುವಿನ ಕಾಗದಗಳನ್ನು ತೆಗೆದು, ಹೊರಗಿನ ಕಾಗದವನ್ನು ಅಂಚಿನ ಮೇಲೆ ಮಡಚಿ, ತಾನೇ ಗೋಡೆಯಾಗಬಲ್ಲ ಹಲಗೆಯನ್ನು ಅದು ‘ಷೀಟ್‌ರಾಕ್’ ಎಂಬ ಹೆಸರಿನಲ್ಲಿ 1917ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು.

ಜನ ಅದನ್ನು ಕೂಡಲೇ ಒಪ್ಪಿಕೊಳ್ಳಲಿಲ್ಲ. ತಟ್ಟಿದರೆ ಟೊಳ್ಳು ಸದ್ದು ಮಾಡುವ ಗೋಡೆ ಬಡವರ ಮನೆಗೆ, ಕೊಟ್ಟಿಗೆಗೆ ಸರಿ. ಮರ್ಯಾದಸ್ಥರ ಮನೆಗೆ ಗಾರೆಯೇ ಆಗಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. 1933ರ ಶಿಕಾಗೋ ವಿಶ್ವಮೇಳದ ಕಟ್ಟಡಗಳಲ್ಲಿ ಈ ಹಲಗೆ ಕಂಡರೂ ಮನೆಗಳೊಳಗೆ ಅದು ನಿಧಾನವಾಗಿಯೇ ನುಗ್ಗಿತು. ಬಾಗಿಲು ತೆರೆದದ್ದು ಎರಡನೇ ಮಹಾಯುದ್ಧ. ಕೆಲಸಗಾರರು ಯುದ್ಧಕ್ಕೆ ಹೋಗಿದ್ದರು. ಕಾರ್ಖಾನೆ ಕೆಲಸಗಾರರಿಗೆ, ಸೈನಿಕರಿಗೆ ಸೂರು ತಕ್ಷಣ ಬೇಕಿತ್ತು. ಯುದ್ಧ ಮುಗಿದ ಮೇಲೆ ಮರಳಿದ ಲಕ್ಷಾಂತರ ಸೈನಿಕರಿಗೂ ಮನೆ ಬೇಕಾಯಿತು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ಲೆವಿಟ್ ಕಂಪನಿ 1947ರಿಂದ 1951ರೊಳಗೆ 17,000ಕ್ಕೂ ಹೆಚ್ಚು ಮನೆಗಳ ಲೆವಿಟ್‌ಟೌನ್ ಎಬ್ಬಿಸಿತು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದೊಂದು ತಂಡ ಒಂದೇ ಹಂತವನ್ನು ಮನೆಯಿಂದ ಮನೆಗೆ ಮಾಡುತ್ತ ಹೋಗುವಂತೆ ಏರ್ಪಡಿಸಿತ್ತು. ರಭಸ ಏರಿದಾಗ ದಿನಕ್ಕೆ ಸುಮಾರು ಮೂವತ್ತು ಮನೆಗಳು ಮುಗಿಯುತ್ತಿದ್ದವು. ಗಾರೆ ಒಣಗಲು ಕಾಯುತ್ತ ಕೂತಿದ್ದರೆ ಆ ಸರಪಣಿ ಒಂದು ದಿನವೂ ಓಡುತ್ತಿರಲಿಲ್ಲ.

ಗಾರೆ ಕೆಲಸಗಾರರ ಕಸುಬು ಹೀಗೆ ಕೈಜಾರಿತು. ಹಲಗೆ ಹೊಡೆಯುವುದು ಬಡಗಿಗಳ ಸಂಘದ ಕಡೆಗೂ, ಸಂದು ಮುಚ್ಚುವುದು ಬಣ್ಣದವರ ಸಂಘದ ಕಡೆಗೂ ಹಂಚಿಹೋಯಿತು. ಆದರೆ ಹೊಸ ಗೋಡೆ ಕುಶಲತೆಯನ್ನು ಅಳಿಸಲಿಲ್ಲ, ಸಂದಿಗೆ ಸರಿಸಿತು. ಎರಡು ಹಲಗೆ ಕೂಡುವಲ್ಲಿ ಕಾಗದದ ಟೇಪು ಹಚ್ಚಿ, ಅದರ ಮೇಲೆ ಅಲ್ಲಿಯವರು ‘ಮಡ್’, ಅಂದರೆ ಕೆಸರು, ಎಂದು ಕರೆಯುವ ಲೇಪವನ್ನು ಅಗಲದ ಅಲಗಿನಿಂದ ಎಳೆಯಬೇಕು. ಒಣಗಿದ ಮೇಲೆ ಇನ್ನೂ ಅಗಲವಾಗಿ ಎರಡನೆಯ ಸಲ, ಅದೂ ಒಣಗಿದ ಮೇಲೆ ಮೂರನೆಯ ಸಲ. ಲೇಪ ಅಂಚಿನಲ್ಲಿ ಎಷ್ಟು ತೆಳುವಾಗಬೇಕೆಂದರೆ ಓರೆ ಬೆಳಕು ಬಿದ್ದರೂ ಸಂದು ಕಾಣಬಾರದು. ಹಳೆಯ ಗಾರೆಯ ಮೂರು ಪದರಗಳೂ ಅವುಗಳ ನಡುವಿನ ಬಿಡುವೂ ನಾಲ್ಕಾರು ಇಂಚಿನ ಪಟ್ಟಿಯೊಳಗೆ ಮರಳಿ ಬಂದಿದ್ದವು. ಕೆಲಸ ಚೆನ್ನಾಗಿದ್ದಷ್ಟೂ ಅದು ನಡೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಉಳಿಯುವುದು ಉಜ್ಜುವ ಕೆಲಸ, ಮತ್ತು ಅದರ ಧೂಳು. ದಶಕಗಳ ಕಾಲ ಈ ಲೇಪಕ್ಕೆ ಕಲ್ನಾರು ಬೆರೆಸುತ್ತಿದ್ದರು. ಒಣಗುವಾಗ ಬಿರುಕು ಬಿಡದಿರಲೆಂದು. ಒಣಗಿದ ಲೇಪವನ್ನು ಉಜ್ಜಿದಾಗ ಅದರ ಸೂಕ್ಷ್ಮ ಎಳೆಗಳು ಗಾಳಿಯಲ್ಲಿ ತೇಲಿ ಶ್ವಾಸಕೋಶ ಸೇರುತ್ತಿದ್ದವು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇಂಥ ಲೇಪಗಳನ್ನು ನಿಷೇಧಿಸಿದ್ದು 1977ರಲ್ಲಿ. ಕಲ್ನಾರಿನಿಂದ ಬರುವ ಕ್ಯಾನ್ಸರ್ ತಲೆ ಎತ್ತಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ಬೇಗ ಮುಗಿದ ಮನೆಗಳ ಲೆಕ್ಕ ಕೆಲವರ ಎದೆಯೊಳಗೆ ಹೀಗೆ ಬಹಳ ತಡವಾಗಿ ಚುಕ್ತಾ ಆಯಿತು.

ಇನ್ನೊಂದು ಲೆಕ್ಕ ಕೂಲಿಯದು. ಗೋಡೆ ಬೇಗ ಏಳುವುದಾದರೆ ದಿನಗೂಲಿ ಏಕೆ, ಚದರ ಅಡಿಗೆ ಇಷ್ಟೆಂದು ಕೊಟ್ಟರಾಯಿತು ಎಂದು ಗುತ್ತಿಗೆದಾರರು ಲೆಕ್ಕ ಹಾಕಿದರು. 1980ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಮನೆ ನಿರ್ಮಾಣದಿಂದ ಕಾರ್ಮಿಕ ಸಂಘಗಳು ಹೊರಬಿದ್ದವು. ಹಲಗೆ ಹೊಡೆಯುವ ಕೆಲಸ ಬಹುಮಟ್ಟಿಗೆ ಮೆಕ್ಸಿಕೋದಿಂದ ಬಂದ ವಲಸಿಗರದಾಯಿತು, ಅಡಿಗೆ ಸಿಗುವ ಸೆಂಟುಗಳು ಇಳಿಯುತ್ತ ಹೋದವು. ಗ್ವಾನಾಹ್ವಾತೋ ರಾಜ್ಯದ ಎಲ್ ಮಾಗೇಯ್ ಎಂಬ ಒಂದೇ ಹಳ್ಳಿಯಿಂದ ಹಲವಾರು ಮಂದಿ ಈ ಕೆಲಸದಲ್ಲಿದ್ದರು. ಅಣ್ಣ ತಮ್ಮನನ್ನು, ಮಾವ ಅಳಿಯನನ್ನು ಕರೆತಂದ ಆ ಜಾಲವೇ ಅವರಿಗೆ ಸಂಘವಾಯಿತು. 1992ರ ಜೂನ್‌ನಲ್ಲಿ ಅವರು ಕೆಲಸ ನಿಲ್ಲಿಸಿದರು. ಮುಷ್ಕರ ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯೇಗೋವರೆಗೆ ಹಬ್ಬಿತು. ನೂರಕ್ಕೂ ಹೆಚ್ಚು ಮುಷ್ಕರನಿರತರು ಒಂದೇ ದಿನ ಬಂಧನಕ್ಕೊಳಗಾದರು. ಕೊಡದೆ ಉಳಿಸಿಕೊಂಡ ಹೆಚ್ಚುವರಿ ದುಡಿಮೆಯ ಕೂಲಿಗಾಗಿ ಅವರ ಪರವಾಗಿ ಗುತ್ತಿಗೆದಾರರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು. ಸುಮಾರು ಐದು ತಿಂಗಳ ನಂತರ, ನವೆಂಬರ್‌ನಲ್ಲಿ, ಹಲವು ಗುತ್ತಿಗೆದಾರರು ಬಡಗಿಗಳ ಸಂಘದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಸಂಘಗಳೇ ಕೈಚೆಲ್ಲಿದ್ದ ಕ್ಷೇತ್ರದಲ್ಲಿ, ಯಾರೂ ಸಂಘಟಿತರೆಂದು ಎಣಿಸದಿದ್ದ ಜನ ಗೆದ್ದುಕೊಂಡದ್ದು ಅದು.

ಅವಸರದ ಇನ್ನೊಂದು ಪಾಠ ಹೊರಗಿನ ನೀರಿನಿಂದ ಬಂತು. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬೀಸಿ ನ್ಯೂ ಆರ್ಲಿಯನ್ಸ್‌ನ ಸುಮಾರು ಶೇಕಡಾ 80 ಭಾಗ ಮುಳುಗಿತು. ಹಲಗೆಯ ಜಿಪ್ಸಂ ನೀರು ಹೀರಿ ಮೆತ್ತಗಾಗುತ್ತದೆ, ಅದರ ಕಾಗದ ಬೂಸ್ಟಿಗೆ ಆಹಾರ. ಸಾವಿರಾರು ಮನೆಗಳ ಒಳಗೋಡೆಗಳನ್ನು ಕಿತ್ತು ಬೀದಿಗೆ ಸುರಿಯಬೇಕಾಯಿತು. ಮತ್ತೆ ಹಲಗೆ ಬೇಕು, ಬೇಗ ಬೇಕು. ಆ ವರ್ಷಗಳ ಅಭಾವದಲ್ಲಿ ಚೀನಾದಿಂದ ಬಂದ ಹಲಗೆಗಳಲ್ಲಿ ಕೆಲವು ಗಂಧಕದ ಅನಿಲ ಬಿಡುತ್ತಿದ್ದವು. ಮನೆ ಕೊಳೆತ ಮೊಟ್ಟೆಯಂತೆ ನಾತ, ತಾಮ್ರದ ತಂತಿಗಳು ಕಪ್ಪು, ಎ.ಸಿ.ಗಳು ಒಂದರ ಹಿಂದೊಂದು ಕೆಟ್ಟವು. ಫ್ಲಾರಿಡಾ, ಲೂಯಿಸಿಯಾನಾಗಳಲ್ಲಿ ಹೊಸದಾಗಿ ಕಟ್ಟಿದ ಮನೆಗಳನ್ನೇ ಮತ್ತೆ ಚೌಕಟ್ಟಿನವರೆಗೆ ಬಿಚ್ಚಬೇಕಾಯಿತು. ಹಲಗೆಯ ಮೇಲೆ ತಯಾರಕರ ಹೆಸರು, ತಯಾರಿಯ ದಿನಾಂಕ ಗುರುತಿಸಲೇಬೇಕು ಎಂಬ ದಿಕ್ಕಿನಲ್ಲಿ ಕಾನೂನು ಬಂದದ್ದು 2013ರ ಜನವರಿಯಲ್ಲಿ. ಅದುವರೆಗೆ ಗೋಡೆ ಎಲ್ಲಿಯದು ಎಂದು ತಿಳಿಯಲು ಎಷ್ಟೋ ಮನೆಯವರು ಅದನ್ನು ಕೊರೆದು ಹಿಂಬದಿ ನೋಡಬೇಕಿತ್ತು.

ನಮ್ಮಲ್ಲಿ ಇಟ್ಟಿಗೆ, ಸಿಮೆಂಟಿನ ಗಿಲಾವು ಇನ್ನೂ ಗಟ್ಟಿಯಾಗಿವೆ. ಮನೆಯ ಗೋಡೆಗೆ ಮೊಳೆ ಹೊಡೆಯಲಾಗದಿದ್ದರೆ ಅದೆಂಥ ಗೋಡೆ ಎಂದು ಕೇಳುವವರೇ ಹೆಚ್ಚು. ಜಿಪ್ಸಂ ಹಲಗೆ ಬಂದು ನೆಲೆಸಿದ್ದು ಕಚೇರಿ, ಆಸ್ಪತ್ರೆ, ಮಾಲ್‌ಗಳಲ್ಲಿ, ಮತ್ತು ಅಪಾರ್ಟ್‌ಮೆಂಟುಗಳ ಸೀಲಿಂಗಿನಲ್ಲಿ. ಅಲ್ಲಿಯೂ ಕ್ರಮ ಅದೇ. ಅಂಗೈಯಗಲದ ತೂತು ಬಿದ್ದಿದೆ ಎಂದುಕೊಳ್ಳಿ. ತೂತಿನ ಸುತ್ತ ಚೌಕವಾಗಿ ಕತ್ತರಿಸಿ, ಹಿಂದೆ ಪಟ್ಟಿಯ ಆಧಾರ ಕೊಟ್ಟು, ಅಷ್ಟೇ ಅಳತೆಯ ತುಂಡನ್ನು ಸ್ಕ್ರೂ ಹಾಕಿ ಕೂರಿಸಲು ಅರ್ಧ ಗಂಟೆ ಸಾಕು. ಟೇಪು, ಮೂರು ಕೈ ಲೇಪ, ನಡುನಡುವೆ ಒಣಗುವುದು, ಉಜ್ಜುವುದು ಸೇರಿದರೆ ಎರಡು ದಿನ ಬೇಕು. ಇಷ್ಟು ಚಿಕ್ಕ ಕೆಲಸಕ್ಕೆ ಎರಡು ದಿನದ ಕೂಲಿಯೇ ಎಂಬ ಚೌಕಾಸಿ ಶುರುವಾಗುವುದು ಇಲ್ಲೇ. ಒಪ್ಪದಿದ್ದರೆ ಎರಡನೆಯ ಪದರ ಹಸಿಯಿರುವಾಗಲೇ ಮೂರನೆಯದು ಬೀಳುತ್ತದೆ, ಕೆಲವು ವಾರಗಳಲ್ಲಿ ತುಂಡಿನ ಸುತ್ತ ಕೂದಲೆಳೆಯ ಬಿರುಕು ಮೂಡುತ್ತದೆ.